ಜೀನ್ಸಿನ ಸುಕ್ಕೂ ಇಸ್ತ್ರಿಯ ಹದವೂ

ಬೆಳಗಿನ ಪ್ರದೇಶ ಸಮಾಚಾರ ಮುಗಿಯುವುದರೊಳಗೆ ನಮ್ಮ ಮೈಸೂರಿನ ಅನೇಕ ಮನೆಗಳಲ್ಲಿ ಒಂದು ಕೆಲಸ ಸದ್ದಿಲ್ಲದೆ ನಡೆದುಹೋಗುತ್ತದೆ. ನಡುಮನೆಯ ಮೇಜಿನ ಮೇಲೆ ಜಮಖಾನವನ್ನು ಮಡಿಸಿ ಹಾಸಿ, ಅದರ ಮೇಲೊಂದು ಹಳೆಯ ಪಂಚೆಯನ್ನು ಹರಡಿ, ಕಿವಿಯನ್ನು ರೇಡಿಯೋಕ್ಕೂ ಕಣ್ಣನ್ನು ಗಡಿಯಾರಕ್ಕೂ ಕೊಟ್ಟು, ಮನೆಯವರೊಬ್ಬರು ಅಂದಿನ ಉಡುಪಿಗೆ ಇಸ್ತ್ರಿ ಹಾಕುತ್ತಿರುತ್ತಾರೆ. ಅಂಗಿಗೆ ಹೇಗೆ, ಸೀರೆಗೆ ಹೇಗೆ, ಶಾಲೆಯ ಸಮವಸ್ತ್ರಕ್ಕೆ ಹೇಗೆ ಎಂಬ ಕ್ರಮ ನಮಗೆ ಹಿರಿಯರಿಂದ ಬಂದಿದೆ. ಆದರೆ ಆ ಬಟ್ಟೆಗಳ ರಾಶಿಯಲ್ಲಿ ಈಗ ಜೀನ್ಸ್ ಎಂಬ ದಪ್ಪ ನೀಲಿ ಷರಾಯಿಯೂ ಸೇರಿಕೊಂಡಿದೆ. ಅದಕ್ಕೆ ಇಸ್ತ್ರಿ ಹಾಕುವ ಕ್ರಮವನ್ನು ನಮಗೆ ಯಾವ ಹಿರಿಯರೂ ಕಲಿಸಿಲ್ಲ. ಅವರ ಕಾಲದಲ್ಲಿ ಅದು ನಮ್ಮ ಮನೆಗಳಿಗೆ ಬಂದಿರಲಿಲ್ಲ.

ಪ್ರೌಢಶಾಲೆಯಲ್ಲಿ ಸಂಧಿ ಸಮಾಸಗಳನ್ನು ಬೋಧಿಸುವ ಕನ್ನಡ ಪಂಡಿತನಿಗೂ ಜೀನ್ಸಿಗೂ ಏನು ನಂಟು ಎಂದು ವಾಚಕರು ನಗಬಹುದು. ನಗು ನ್ಯಾಯವಾದದ್ದೇ. ಮನೆಯಲ್ಲಿ ಪಂಚೆ, ಶಾಲೆಗೆ ಬಿಳಿಯ ಅಂಗಿ ಷರಾಯಿ, ಇಷ್ಟೇ ನನ್ನ ಉಡುಪು. ಆದರೂ ಈ ವಿಷಯವನ್ನು ನಾನು ಬೆಲೆ ತೆತ್ತು ಕಲಿತಿದ್ದೇನೆ. ಕಲಿತದ್ದನ್ನು ಇನ್ನೊಬ್ಬರಿಗೆ ಹೇಳದೆ ಇರಲಾರದ್ದು ಮೇಷ್ಟರ ಜಾತಿಗುಣ. ಆದಕಾರಣ ಈ ಲೇಖನ.

ಎರಡು ವರ್ಷಗಳ ಹಿಂದಿನ ಮಾತು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ್ದ ನನ್ನ ಮಗ ತನ್ನ ಮೊದಲನೆಯ ಸಂಬಳದಲ್ಲಿ ತಾಯಿಗೊಂದು ಸೀರೆ, ನನಗೊಂದು ಜೊತೆ ಪಂಚೆ, ತನಗೊಂದು ಕಡುನೀಲಿ ಜೀನ್ಸ್ ಕೊಂಡು ತಂದ. ಚಿಕ್ಕಂದಿನಿಂದ ಅಣ್ಣಂದಿರ ಬಟ್ಟೆಗಳನ್ನು ಕತ್ತರಿಸಿ ಹೊಲಿಸಿಕೊಂಡೇ ಬೆಳೆದ ಹುಡುಗ. ತಾನೇ ಆರಿಸಿ, ತಾನೇ ಹಣ ಕೊಟ್ಟು ಕೊಂಡ ಮೊದಲ ಉಡುಪು ಅದು. ಒಂದು ಸಲ ಒಗೆದು ಒಣಗಿದ ಮೇಲೆ ಅದು ಹಂಚಿಕಡ್ಡಿಯ ಕಂತೆಯಂತೆ ಸೆಟೆದುಕೊಂಡು, ಮೈಯೆಲ್ಲ ಸುಕ್ಕಾಗಿ ತಂತಿಯ ಮೇಲೆ ನೇತಾಡುತ್ತಿತ್ತು. ಮಾರನೆಯ ದಿನ ಗೆಳೆಯನ ಮದುವೆಗೆ ಅವನು ಅದನ್ನು ಧರಿಸಿ ಹೋಗಬೇಕು. ಹುಡುಗ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಾನೆ; ಏಳುವಷ್ಟರಲ್ಲಿ ಇಸ್ತ್ರಿ ಹಾಕಿಡೋಣ ಎಂದು ನಾನೇ ಮುಂದಾದೆ.

ಇಸ್ತ್ರಿಯ ವಿಷಯದಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ನಮ್ಮೂರು ದರ್ಬಾರಿನ ಊರು. ಉದ್ದನೆಯ ಕರಿಯ ಕೋಟು, ಬಿಳಿಯ ಷರಾಯಿ, ಜರತಾರಿ ಪೇಟಗಳನ್ನು ಕಂಡು ಬೆಳೆದ ಹಿರಿಯರ ಮನೆಗಳಲ್ಲಿ ಷರಾಯಿಯ ಗೆರೆ ನೆಟ್ಟಗಿರಬೇಕೆಂಬುದು ಬಾಯಿಪಾಠದಷ್ಟೇ ಕಟ್ಟುನಿಟ್ಟು. ಆ ಪಾಠವನ್ನೇ ನಾನು ಜೀನ್ಸಿಗೂ ಅನ್ವಯಿಸಿದೆ. ಬಟ್ಟೆ ದಪ್ಪ, ಆದ್ದರಿಂದ ಕಾವು ಹೆಚ್ಚು ಬೇಕು ಎಂದು ತಿರುಗಣೆಯನ್ನು ಕೊನೆಯವರೆಗೂ ತಿರುಗಿಸಿದೆ. ಒಣಗಿ ಖಡಕ್ಕಾದ ಬಟ್ಟೆಯ ಮೇಲೆ, ಹೊರಮೈಯ ಮೇಲೆಯೇ, ಬಲವನ್ನೆಲ್ಲ ಬಿಟ್ಟು ಉಜ್ಜಿದೆ. ಮಂಡಿಯ ಹಿಂದಿನ ಸುಕ್ಕುಗಳು ಜಪ್ಪಯ್ಯ ಎಂದರೂ ಕದಲಲಿಲ್ಲ. ಇನ್ನಷ್ಟು ಉಜ್ಜಿದೆ. ಕೊನೆಗೆ ಎರಡು ಹೊಲಿಗೆಗಳನ್ನೂ ಒಂದರ ಮೇಲೊಂದು ಕೂರಿಸಿ, ನಡುವೆ ಕತ್ತಿಯ ಅಲಗಿನಂಥ ಗೆರೆಯೊಂದನ್ನು ತೊಡೆಯಿಂದ ಕಾಲಂಚಿನವರೆಗೆ ಎಳೆದು ನಿಲ್ಲಿಸಿದೆ.

ಅದರ ಫಲ ಅಂದೇ ಅರ್ಧ ಕಂಡಿತು, ಉಳಿದರ್ಧ ಕೆಲವು ತಿಂಗಳಲ್ಲಿ ಕಂಡಿತು. ದಪ್ಪ ಹೊಲಿಗೆಗಳ ಮೇಲೆಲ್ಲ ಎಣ್ಣೆ ಸವರಿದಂತೆ ಹೊಳಪು ಬಂತು. ಎಳೆದರೆ ಹಿಗ್ಗುವ ಸೊಂಟದ ಭಾಗ ಅಲೆಅಲೆಯಾಗಿ ಮುದುಡಿಕೊಂಡಿತು. ಒಂದೆರಡು ತಿಂಗಳು ಉಟ್ಟು ಒಗೆದ ಮೇಲೆ ನಾನು ಎಳೆದ ಗೆರೆ ಬೆಳ್ಳಗಾಗಿ, ಸೀಮೆಸುಣ್ಣದಿಂದ ಬರೆದಂತೆ ನಿಂತುಬಿಟ್ಟಿತು. ಒಗೆದರೂ ಹೋಗದು, ಮತ್ತೆ ಇಸ್ತ್ರಿ ಹಾಕಿದರೂ ಹೋಗದು. ಮಗ ಒಂದು ಮಾತೂ ಆಡದೆ ಅದನ್ನೇ ಹಾಕಿಕೊಳ್ಳುತ್ತಿದ್ದ. ನಾನೇ ಒಂದು ದಿನ ತಡೆಯಲಾರದೆ ಪ್ರಸ್ತಾಪಿಸಿದಾಗ, “ಇರಲಿ ಬಿಡಿ ಅಪ್ಪ, ಬಟ್ಟೆ ಏನೂ ಹರಿದಿಲ್ಲವಲ್ಲ” ಎಂದ. ಅವನು ಗದರಿದ್ದರೆ ನನಗೆ ಹೆಚ್ಚು ಸಮಾಧಾನವಾಗುತ್ತಿತ್ತು.

ನಮ್ಮ ಬೀದಿಯ ತಿರುವಿನಲ್ಲಿ ಹೊಂಗೆಯ ಮರದಡಿ ಇಸ್ತ್ರಿ ಗಾಡಿಯೊಂದು ಬಹುಕಾಲದಿಂದ ನಿಲ್ಲುತ್ತದೆ. ಹಿತ್ತಾಳೆಯ ಹಳೆಯ ಪೆಟ್ಟಿಗೆ, ಅದರೊಳಗೆ ನಿಗಿನಿಗಿ ಇದ್ದಲು. ಆ ಜೀನ್ಸನ್ನು ಅಲ್ಲಿಗೊಯ್ದು ತೋರಿಸಿದೆ. ಗಾಡಿಯ ಯಜಮಾನರು ಅದನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಗೆರೆಯನ್ನು ಸವರಿ, ಹೀಗೆ ಹೇಳಿದರು: “ಮೇಷ್ಟ್ರೇ, ಇದು ಹೋಗೋದಿಲ್ಲ. ಇದು ಸುಕ್ಕಲ್ಲ, ಬಣ್ಣ ಸವೆದಿರೋದು. ಜೀನ್ಸಿಗೆ ಮೊದಲು ನೀರು ಕುಡಿಸಬೇಕು, ಆಮೇಲೆ ಬೆಂಕಿ ತೋರಿಸಬೇಕು. ನೀವು ಬರೀ ಬೆಂಕಿ ತೋರಿಸಿದ್ದೀರಿ.”

ಮೊದಲು ನೀರು, ಆಮೇಲೆ ಬೆಂಕಿ. ಈ ವಿದ್ಯೆಯ ಸಾರವೆಲ್ಲ ಆ ಮಾತಿನಲ್ಲಿದೆ. ಅದು ಏಕೆ ಹೀಗೆ ಎಂಬುದನ್ನು ತಿಳಿದುಕೊಂಡರೆ ಕ್ರಮವನ್ನು ನೆನಪಿಡುವುದು ಸುಲಭ.

ಕನ್ನಡದಲ್ಲಿ ಬಟ್ಟೆಯ ಮೇಲಿನ ಗೆರೆಗಳಿಗೆ ಬೇರೆ ಬೇರೆ ಹೆಸರುಗಳಿವೆ. ನಾವು ಬೇಕೆಂದು ಹಿಡಿಯುವುದು ನೆರಿಗೆ. ಅದು ಸೀರೆಗೂ ಪಂಚೆಗೂ ಶೋಭೆ. ಜೋಡಿಸಿಡುವುದಕ್ಕಾಗಿ ಮಾಡುವುದು ಮಡಿಕೆ. ಬೇಡವೆಂದರೂ ತಾನಾಗಿ ಬಂದು ಕೂರುವುದು ಸುಕ್ಕು. ಹೆಸರು ಬೇರೆಯಾದರೂ ಮೂರೂ ಉಂಟಾಗುವ ರೀತಿ ಒಂದೇ. ಹತ್ತಿಯ ಎಳೆ ಸೆಲ್ಯುಲೋಸ್ ಎಂಬ ಪದಾರ್ಥದಿಂದ ಆದದ್ದು. ಅದರ ಉದ್ದುದ್ದ ಅಣುಸರಪಳಿಗಳು ಒಂದರ ಪಕ್ಕದಲ್ಲೊಂದು ಮಲಗಿ, ಜಲಜನಕ ಬಂಧಗಳೆಂಬ ಸಣ್ಣ ಸಣ್ಣ ಕೊಂಡಿಗಳಿಂದ ಪರಸ್ಪರ ಹಿಡಿದುಕೊಂಡಿರುತ್ತವೆ. ಒಂದೊಂದು ಕೊಂಡಿಯೂ ದುರ್ಬಲ. ಆದರೆ ಲೆಕ್ಕವಿಲ್ಲದಷ್ಟು ಇರುವುದರಿಂದ ಎಳೆ ತನ್ನ ಆಕಾರವನ್ನು ಬಿಡದು.

ನೀರು ತಗುಲಿದಾಗ ಅದು ಎಳೆಯ ಸಡಿಲವಾದ ಭಾಗಗಳೊಳಗೆ ನುಗ್ಗಿ ಈ ಕೊಂಡಿಗಳನ್ನು ಕಳಚುತ್ತದೆ. ಆಗ ಸರಪಳಿಗಳು ಒಂದರ ಪಕ್ಕದಲ್ಲೊಂದು ಜಾರಬಲ್ಲವು. ಬಟ್ಟೆ ಒಣಗುತ್ತ ಬಂದಂತೆ ನೀರು ಹೊರಬಿದ್ದು, ಅವು ಆ ಹೊತ್ತಿನಲ್ಲಿ ಯಾವ ಭಂಗಿಯಲ್ಲಿವೆಯೋ ಅದೇ ಭಂಗಿಯಲ್ಲಿ ಹೊಸ ಕೊಂಡಿಗಳು ಬಿಗಿದುಕೊಳ್ಳುತ್ತವೆ. ಮುದುಡಿದ್ದಾಗ ಒಣಗಿದರೆ ಸುಕ್ಕು. ನೇರವಾಗಿದ್ದಾಗ ಒಣಗಿದರೆ ಇಸ್ತ್ರಿ. ಇಸ್ತ್ರಿ ಪೆಟ್ಟಿಗೆ ಮಾಡುವುದು ಎರಡೇ ಕೆಲಸ: ಎಳೆಯನ್ನು ಕಾಯಿಸಿ ಸಡಿಲಗೊಳಿಸಿ ತನ್ನ ಭಾರದಿಂದ ನೇರವಾಗಿಸುವುದು, ಹಾಗೆ ನೇರವಾಗಿರುವಾಗಲೇ ನೀರನ್ನು ಹೊರದೂಡುವುದು. ಪೂರಾ ಒಣಗಿದ ಬಟ್ಟೆಯಲ್ಲಿ ಕೊಂಡಿ ಕಳಚುವುದಕ್ಕೆ ಬೇಕಾದ ನೀರೇ ಸಾಲದು. ಅಲ್ಲಿ ಎಷ್ಟು ಉಜ್ಜಿದರೂ ಬೀಗ ಹಾಕಿದ ಬಾಗಿಲನ್ನು ನೂಕಿದಂತೆ.

ಮಂಡಿಯ ಹಿಂದಿನ ಸುಕ್ಕು ಏಕೆ ಅಷ್ಟು ಹಟಮಾರಿ ಎಂಬುದೂ ಇದರಿಂದ ತಿಳಿಯುತ್ತದೆ. ಸ್ಕೂಟರಿನ ಮೇಲೋ ಕುರ್ಚಿಯಲ್ಲೋ ಕುಳಿತಾಗ ಅಲ್ಲಿ ಬಟ್ಟೆ ಮಡಿಚಿರುತ್ತದೆ. ಬೆವರಿನ ನೀರಿದೆ, ಮೈಯ ಕಾವಿದೆ, ಮೇಲಿನಿಂದ ಒತ್ತಡವೂ ಇದೆ. ಇಸ್ತ್ರಿಗೆ ಬೇಕಾದ ಮೂರು ಸಾಮಗ್ರಿಗಳೂ ಅಲ್ಲಿ ಕೂಡಿವೆ. ಗಂಟೆಗಟ್ಟಲೆ ಕುಳಿತು ನಾವೇ ಅಲ್ಲಿ ಸುಕ್ಕಿಗೆ ಇಸ್ತ್ರಿ ಹಾಕಿರುತ್ತೇವೆ.

ಇನ್ನು ಈ ಬಟ್ಟೆಯ ಸ್ವಭಾವವನ್ನು ನೋಡೋಣ. ಜೀನ್ಸನ್ನು ಹೊಲಿಯುವ ಬಟ್ಟೆಗೆ ಡೆನಿಮ್ ಎಂದು ಹೆಸರು. ಫ್ರಾನ್ಸಿನ ನೀಮ್ ಎಂಬ ಪಟ್ಟಣದ ಹೆಸರಿನಿಂದ ಡೆನಿಮ್ ಎಂಬ ಮಾತೂ, ಇಟಲಿಯ ಜಿನೋವಾ ಬಂದರಿನ ಹೆಸರಿನಿಂದ ಜೀನ್ಸ್ ಎಂಬ ಮಾತೂ ಬಂದವೆಂದು ನಿಘಂಟುಕಾರರು ಹೇಳುತ್ತಾರೆ. ಇದೇ ಬಳಗದ ಡಂಗರಿ ಎಂಬ ಮಾತು ಮುಂಬಯಿಯ ಡೋಂಗ್ರಿಯಿಂದ ಹೋದದ್ದು. ಜೇಬಿನ ಮೂಲೆಗಳು ಹರಿಯದಂತೆ ತಾಮ್ರದ ಗುಬಟುಮೊಳೆ ಬಡಿಯುವ ಉಪಾಯಕ್ಕೆ ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯೂ ಲೀವೈ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿಯೂ ಸೇರಿ 1873ರಲ್ಲಿ ಹಕ್ಕುಪತ್ರ ಪಡೆದರು. ದುಡಿಯುವವರಿಗೆಂದು ಹುಟ್ಟಿದ ಉಡುಪು ಅದು. ನಮ್ಮ ನಾಡಿನಲ್ಲಿ ಅದಕ್ಕೆ ಹೆಸರಾದ ಊರು ಬಳ್ಳಾರಿ. ಅಲ್ಲಿಯ ಸಣ್ಣ ಸಣ್ಣ ಘಟಕಗಳಲ್ಲಿ ಬಟ್ಟೆ ಕತ್ತರಿಸುವವರು, ಹೊಲಿಯುವವರು, ಗುಂಡಿ ಕೂರಿಸುವವರು, ತೊಳೆಯುವವರು, ಎಲ್ಲರ ಕೈ ದಾಟಿದ ಮೇಲೆ ಜೀನ್ಸ್ ಕೊನೆಗೆ ಇಸ್ತ್ರಿಯವರ ಕೈಗೆ ಬರುತ್ತದೆ. ಅಂಗಡಿಯಲ್ಲಿ ನಾವು ಕಾಣುವ ಅಚ್ಚುಕಟ್ಟು ಆ ಕೊನೆಯ ಕೈಯದು.

ನೇಯ್ಗೆಯಲ್ಲಿ ಉದ್ದಕ್ಕೆ ಓಡುವ ನೂಲು ಹಾಸು, ಅಡ್ಡಕ್ಕೆ ಓಡುವುದು ಹೊಕ್ಕು. ಡೆನಿಮ್ಮಿನಲ್ಲಿ ಸಾಮಾನ್ಯವಾಗಿ ಹಾಸಿನ ಒಂದು ನೂಲು ಹೊಕ್ಕಿನ ಮೂರು ನೂಲುಗಳ ಮೇಲೆ ಹಾದು, ಒಂದರ ಕೆಳಗೆ ಇಳಿಯುತ್ತದೆ. ಪಕ್ಕದ ನೂಲು ಒಂದು ಹೆಜ್ಜೆ ಸರಿದು ಇದನ್ನೇ ಮಾಡುತ್ತದೆ. ಅದರಿಂದಲೇ ಬಟ್ಟೆಯ ಮೇಲೆ ಓರೆಯಾದ ಗೆರೆಗಳು ಕಾಣುವುದು. ಹಾಸು ನೀಲಿ, ಹೊಕ್ಕು ಬಿಳಿ. ಹೊರಗೆ ಹಾಸೇ ಹೆಚ್ಚಾಗಿ ಕಾಣುವುದರಿಂದ ಹೊರಮೈ ನೀಲಿ. ಒಳಗೆ ಹೊಕ್ಕು ಹೆಚ್ಚಾಗಿ ಕಾಣುವುದರಿಂದ ಒಳಮೈ ಬೆಳ್ಳಗೆ. ಒಳ್ಳೆಯ ದಪ್ಪ ಡೆನಿಮ್ ಚದರ ಮೀಟರಿಗೆ ಸುಮಾರು 400 ಗ್ರಾಂ ತೂಗುತ್ತದೆ. ತೆಳುವಾದ ಅಂಗಿಯ ಬಟ್ಟೆಯ ಮೂರು ನಾಲ್ಕು ಪಾಲು ತೂಕವೆಂದರೆ, ಅದು ಕುಡಿಯುವ ನೀರೂ ಹೆಚ್ಚು, ಒಣಗಲು ಬೇಕಾದ ಹೊತ್ತೂ ಹೆಚ್ಚು.

ಆ ನೀಲಿಯ ಗುಣ ವಿಶೇಷವಾದದ್ದು. ಇಂಡಿಗೊ ಎಂಬ ಅದರ ಹೆಸರಿನಲ್ಲಿಯೇ ನಮ್ಮ ದೇಶದ ಹೆಸರು ಅಡಗಿದೆ. ಹಿಂದೆ ನೀಲಿ ಗಿಡದಿಂದ ತೆಗೆಯುತ್ತಿದ್ದರು. 1897ರಿಂದ ಜರ್ಮನಿಯ ಕಾರ್ಖಾನೆಯ ಕೃತಕ ನೀಲಿ ಮಾರುಕಟ್ಟೆಗೆ ಬಂದು ಗಿಡದ ಬೇಸಾಯವನ್ನು ಮೂಲೆಗೆ ತಳ್ಳಿತು. ಈ ನೀಲಿ ನೀರಿನಲ್ಲಿ ಕರಗದು. ಕರಗುವ ರೂಪಕ್ಕೆ ಮಾರ್ಪಡಿಸಿ ನೂಲನ್ನು ಅದ್ದುತ್ತಾರೆ. ಹೊರತೆಗೆದಾಗ ನೂಲು ಹಳದಿಹಸುರಾಗಿದ್ದು, ಗಾಳಿ ಸೋಕಿದ ಮೇಲೆ ನೀಲಿಯಾಗುತ್ತದೆ. ಮತ್ತೆ ಮತ್ತೆ ಅದ್ದಿದರೂ ಬಣ್ಣ ನೂಲಿನ ಹೊರಸುತ್ತಿನಲ್ಲೇ ನಿಲ್ಲುತ್ತದೆ. ತಿರುಳು ಬೆಳ್ಳಗೇ ಉಳಿಯುತ್ತದೆ. ಸಿಪ್ಪೆಗೆ ಮಾತ್ರ ಬಣ್ಣವಿರುವ ಮೂಲಂಗಿಯನ್ನು ನೆನೆಸಿಕೊಳ್ಳಿ. ಉಜ್ಜಿದಲ್ಲೆಲ್ಲ ಸಿಪ್ಪೆ ಸವೆದು ಬಿಳಿಯ ತಿರುಳು ಇಣುಕುತ್ತದೆ. ಜೀನ್ಸ್ ಮಂಡಿಯ ಬಳಿ, ಜೇಬಿನ ಅಂಚಿನಲ್ಲಿ ಮಾಸುವುದು ಇದರಿಂದ. ನಾನು ಎಳೆದ ಗೆರೆ ಬೆಳ್ಳಗಾದದ್ದೂ ಇದರಿಂದಲೇ. ಮಡಿಕೆಯ ಏಣು ಎದ್ದು ನಿಂತು, ನಡೆಯುವಾಗಲೂ ಒಗೆಯುವಾಗಲೂ ಎಲ್ಲಕ್ಕಿಂತ ಮೊದಲು ಅದೇ ಉಜ್ಜಿಸಿಕೊಂಡಿತು. ಹೀಗಿರುವಲ್ಲಿ ಜೀನ್ಸಿಗೆ ಗೆರೆ ಹಾಕಬಾರದೆಂಬುದು ಬರಿಯ ಷೋಕಿಯ ನಿಯಮವಲ್ಲ, ಬಟ್ಟೆಯ ಸ್ವಭಾವದಿಂದ ಹುಟ್ಟಿದ ನಿಯಮ.

ಇನ್ನು ಕ್ರಮಕ್ಕೆ ಬರುತ್ತೇನೆ. ಇಸ್ತ್ರಿಯ ಅರ್ಧ ಕೆಲಸ ಒಗೆಯುವ ಕಲ್ಲಿನ ಬಳಿಯಲ್ಲೇ ಆಗಬೇಕು. ಗುಂಡಿ ಜಿಪ್ಪುಗಳನ್ನು ಹಾಕಿ, ಜೀನ್ಸನ್ನು ಒಳಮೈ ಹೊರಗಾಗಿ ತಿರುಗಿಸಿ, ತಣ್ಣೀರಿನಲ್ಲಿ ಒಗೆಯಿರಿ. ಕಲ್ಲಿಗೆ ಬಡಿಯಬೇಡಿ, ಬಣ್ಣದ ಸಿಪ್ಪೆ ಅಲ್ಲಿಯೇ ಹೋಗುತ್ತದೆ. ಹಗ್ಗದಂತೆ ಹಿಂಡಿ ತಿರುಚಬೇಡಿ. ಒದ್ದೆಯಾದ ಎಳೆಗೆ ತಿರುಚಿದ ಭಂಗಿಯನ್ನು ನೀವೇ ಕಲಿಸಿದಂತಾಗುತ್ತದೆ. ಅಂಗೈಗಳಿಂದ ಒತ್ತಿ ನೀರು ಇಳಿಸಿದರೆ ಸಾಕು. ಒಗೆಯುವ ಯಂತ್ರವಿದ್ದವರು ಅದನ್ನು ಕಿಕ್ಕಿರಿಯುವಂತೆ ತುಂಬಬಾರದು. ಯಂತ್ರ ನಿಂತ ಕೂಡಲೇ ಬಟ್ಟೆಯನ್ನು ತೆಗೆಯಬೇಕು. ಒಂದು ಗಂಟೆ ಅಲ್ಲಿಯೇ ಮುದ್ದೆಯಾಗಿ ಬಿದ್ದಿದ್ದರೆ ಅದು ಸುಕ್ಕುಗಳ ಗಂಟಾಗಿ ಹೊರಬರುತ್ತದೆ.

ಒಣಹಾಕುವ ಮುನ್ನ ಸೊಂಟದ ಪಟ್ಟಿಯನ್ನು ಎರಡು ಕೈಯಲ್ಲೂ ಹಿಡಿದು ನಾಲ್ಕೈದು ಸಲ ಬಲವಾಗಿ ಕೊಡವಿ. ಹೊಲಿಗೆಗಳನ್ನು ಮೇಲಿನಿಂದ ಕೆಳಕ್ಕೆ ಕೈಯಿಂದ ಎಳೆದು ನೇರಮಾಡಿ. ಆಮೇಲೆ ತಂತಿಯ ಮೇಲೆ ನಡುವಿಗೆ ಮಡಿಸಿ ಹಾಕದೆ, ಕಾಲಂಚುಗಳಿಗೆ ಕ್ಲಿಪ್ಪು ಹಾಕಿ ತಲೆಕೆಳಗಾಗಿ ನೇತುಹಾಕಿ. ನೀರುಂಡ ಸೊಂಟದ ಭಾಗ ಭಾರವಾಗಿ ಕೆಳಗೆ ಜಗ್ಗುವುದರಿಂದ ಕಾಲುಗಳ ಸುಕ್ಕು ತಾನಾಗಿ ಬಿಚ್ಚಿಕೊಳ್ಳುತ್ತದೆ. ಸುಡುಬಿಸಿಲು ನೀಲಿಗೆ ಹಿತವಲ್ಲ. ಗಾಳಿಯಾಡುವ ನೆರಳು ಸಾಕು.

ಇಸ್ತ್ರಿಗೆ ತಕ್ಕ ಹೊತ್ತೆಂದರೆ ಜೀನ್ಸ್ ಇನ್ನೂ ಸ್ವಲ್ಪ ಹಸಿಯಾಗಿರುವಾಗ: ಮುಟ್ಟಿದರೆ ತಣ್ಣಗಿರಬೇಕು, ಹಿಂಡಿದರೆ ಹನಿ ಬರಬಾರದು. ಪೂರಾ ಒಣಗಿಹೋಗಿದ್ದರೆ ನೀರನ್ನು ಚೆನ್ನಾಗಿ ಚಿಮುಕಿಸಿ, ಸುರುಳಿ ಸುತ್ತಿ, ಒದ್ದೆ ಟವಲಿನಲ್ಲಿ ಹದಿನೈದಿಪ್ಪತ್ತು ನಿಮಿಷ ಬಿಡಿ. ನೀರು ದಪ್ಪ ಎಳೆಗಳ ಒಳಗೆ ಇಳಿಯಲು ಅಷ್ಟು ಹೊತ್ತು ಬೇಕು. ಚಿಮುಕಿಸಿದ ಕ್ಷಣವೇ ಪೆಟ್ಟಿಗೆ ಇಟ್ಟರೆ ನೀರು ಮೇಲಿನಿಂದಲೇ ಹಬೆಯಾಗಿ ಹಾರುತ್ತದೆ. ಗಾಡಿಯ ಯಜಮಾನರು ಬಟ್ಟೆಗಳಿಗೆ ನೀರೆರಚಿ ಗಂಟು ಕಟ್ಟಿ ಪಕ್ಕಕ್ಕಿಡುವುದನ್ನು ನಾನು ವರ್ಷಾನುಗಟ್ಟಲೆ ನೋಡಿದ್ದೆ. ಏಕೆಂದು ಕೇಳಿರಲಿಲ್ಲ.

ಪೆಟ್ಟಿಗೆಯನ್ನು ಕಾಯಿಸುವ ಮುನ್ನ ಜೀನ್ಸಿನ ಒಳಗೆ ಹೊಲಿದಿರುವ ಚೀಟಿಯನ್ನು ನೋಡಿ. ಅದರಲ್ಲಿ ಇಸ್ತ್ರಿ ಪೆಟ್ಟಿಗೆಯ ಚಿತ್ರವೂ ಚುಕ್ಕೆಗಳೂ ಇರುತ್ತವೆ. ಒಂದು ಚುಕ್ಕೆಗೆ ಹೆಚ್ಚೆಂದರೆ 110 ಡಿಗ್ರಿ ಸೆಲ್ಸಿಯಸ್, ಎರಡಕ್ಕೆ 150, ಮೂರಕ್ಕೆ 200. ಶುದ್ಧ ಹತ್ತಿ ಮೂರು ಚುಕ್ಕೆಯ ಕಾವನ್ನು ತಡೆಯಬಲ್ಲದು. ಆದರೆ ಈಗಿನ ಬಹುಪಾಲು ಜೀನ್ಸ್‌ಗಳಲ್ಲಿ ಹಿಗ್ಗುವುದಕ್ಕೆಂದು ನೂರಕ್ಕೆ ಒಂದೆರಡು ಪಾಲು ಎಲಾಸ್ಟೇನ್ ಎಂಬ ರಬ್ಬರಿನಂಥ ಎಳೆಯನ್ನು ಸೇರಿಸಿರುತ್ತಾರೆ. ಅತಿಯಾದ ಕಾವಿಗೆ ಅದು ತನ್ನ ಎಳೆತವನ್ನು ಕಳೆದುಕೊಳ್ಳುತ್ತದೆ. ನಮ್ಮ ಹುಡುಗನ ಜೀನ್ಸಿನ ಸೊಂಟ ಅಲೆಯಾದದ್ದು ಹೀಗೆ. ಅಂಥದಕ್ಕೆ ಎರಡು ಚುಕ್ಕೆಯನ್ನು ಮೀರಬಾರದು. ಚೀಟಿಯಲ್ಲಿ ಇನ್ನೂ ಕಡಿಮೆ ಇದ್ದರೆ ಚೀಟಿಯ ಮಾತೇ ಪ್ರಮಾಣ.

ಒಳಮೈ ಹೊರಗಿರುವಂತೆಯೇ ಜೀನ್ಸನ್ನು ಜಮಖಾನದ ಮೇಲೆ ಹರಡಿ. ಮೊದಲು ಜೇಬಿನ ಚೀಲಗಳನ್ನು ಮೇಲಕ್ಕೆತ್ತಿ ಪ್ರತ್ಯೇಕವಾಗಿ ಒತ್ತಿ. ಅವುಗಳ ಮೇಲೆಯೇ ಒತ್ತಿದರೆ ಚೀಲದ ಅಂಚು ಹೊರಮೈಯಲ್ಲಿ ಅಚ್ಚಾಗಿ ಕಾಣುತ್ತದೆ. ಅನಂತರ ಸೊಂಟದ ಪಟ್ಟಿ. ಅದರ ಹಿಂಭಾಗದಲ್ಲಿ ಚರ್ಮದ ತುಂಡಿದ್ದರೆ ಅದಕ್ಕೆ ಕಾವು ತಾಕಿಸಬೇಡಿ, ಮುದುಡಿ ಗಟ್ಟಿಯಾಗುತ್ತದೆ. ಲೋಹದ ಗುಂಡಿ, ಮೊಳೆ, ಜಿಪ್ಪುಗಳನ್ನು ಬಳಸಿಕೊಂಡು ಹೋಗಿ. ಅವು ಪೆಟ್ಟಿಗೆಯ ತಳವನ್ನು ಗೀಚುತ್ತವೆ, ಕಾದು ಬೆರಳನ್ನೂ ಸುಡುತ್ತವೆ.

ಆಮೇಲೆ ಕಾಲುಗಳು, ಒಂದಾದ ಮೇಲೊಂದು. ಒಳಹೊಲಿಗೆಯೂ ಹೊರಹೊಲಿಗೆಯೂ ಎರಡು ಪಕ್ಕಗಳಲ್ಲಿ ಬರುವಂತೆ ಕಾಲನ್ನು ಚಪ್ಪಟೆಯಾಗಿ ಹರಡಿ, ಎಡಗೈಯಿಂದ ಕಾಲಂಚನ್ನು ಮೆಲ್ಲಗೆ ಎಳೆದು ಹಿಡಿದು, ಬಲಗೈಯಿಂದ ಹಾಸಿನ ದಿಕ್ಕಿನಲ್ಲಿ ಮೇಲಿನಿಂದ ಕೆಳಕ್ಕೆ ಹೋಗಿ. ಉಜ್ಜಬೇಡಿ, ಇಟ್ಟು, ಒತ್ತಿ, ಎತ್ತಿ, ಮುಂದಿಡಿ. ಒಂದೊಂದು ಕಡೆ ಏಳೆಂಟು ಎಣಿಸುವಷ್ಟು ಹೊತ್ತು ಸಾಕು. ಹಬೆ ನಿಂತಿತೆಂದರೆ ಅಲ್ಲಿಯ ನೀರು ಮುಗಿಯಿತು, ಕೆಲಸವೂ ಮುಗಿಯಿತು. ಮಂಡಿಯ ಹಿಂದಿನ ಹಟಮಾರಿ ಸುಕ್ಕಿನ ಮೇಲೆ ಒದ್ದೆ ಮಾಡಿ ಹಿಂಡಿದ ತೆಳು ಬಟ್ಟೆಯನ್ನು ಹಾಸಿ, ಅದರ ಮೇಲೆ ಪೆಟ್ಟಿಗೆಯನ್ನು ಇಡಿ. ಬಟ್ಟೆಯ ನೀರು ಹಬೆಯಾಗಿ ಡೆನಿಮ್ಮಿನೊಳಕ್ಕೆ ಇಳಿಯುತ್ತದೆ. ಹೊರಮೈಯನ್ನು ಮುಟ್ಟಲೇಬೇಕಾದಾಗಲೂ ಈ ಒದ್ದೆ ಬಟ್ಟೆಯ ಮರೆ ಇರಲಿ. ಬರಿಯ ಲೋಹ ತಾಕಿದರೆ ಉಬ್ಬಿದ ಹೊಲಿಗೆಗಳ ಮೇಲಿನ ಸಣ್ಣ ಎಳೆಗಳು ಚಪ್ಪಟೆಯಾಗಿ ಹೊಳೆಯತೊಡಗುತ್ತವೆ. ಹಬೆಯ ಪೆಟ್ಟಿಗೆ ಉಳ್ಳವರಿಗೆ ಇದೆಲ್ಲ ಇನ್ನೂ ಸುಲಭ; ಅದಕ್ಕೆ ಕೊಳವೆ ಬಾವಿಯ ಗಡಸು ನೀರನ್ನು ಮಾತ್ರ ಹಾಕಬೇಡಿ, ಸುಣ್ಣ ಕಟ್ಟಿ ಹಬೆಯ ತೂತುಗಳು ಮುಚ್ಚಿಹೋಗುತ್ತವೆ.

ಇಸ್ತ್ರಿ ಮುಗಿದ ಕೂಡಲೇ ಜೀನ್ಸನ್ನು ಧರಿಸುವುದೂ ಬೇಡ, ಮಡಿಸುವುದೂ ಬೇಡ. ಬೆಚ್ಚಗೂ ತೇವವಾಗೂ ಇರುವ ಎಳೆ ಹೇಳಿದಂತೆ ಕೇಳುತ್ತದೆ. ಆಗ ಕುಳಿತರೆ ಕುಳಿತ ಸುಕ್ಕನ್ನೇ ಕಲಿಯುತ್ತದೆ. ಹತ್ತು ಹದಿನೈದು ನಿಮಿಷ ನೇತುಹಾಕಿ ಆರಲು ಬಿಡಿ.

ವಿದ್ಯುತ್ತು ಇಲ್ಲದಾಗ ಏನು ಮಾಡಬೇಕು? ನೀರಿನ ಗುಣ ತಿಳಿದವರಿಗೆ ಪೆಟ್ಟಿಗೆಯಿಲ್ಲದೆಯೂ ದಾರಿಯಿದೆ. ಬಿಸಿನೀರಿನ ಸ್ನಾನವಾದ ಮೇಲೆ ಹಬೆ ತುಂಬಿದ ಬಚ್ಚಲುಮನೆಯಲ್ಲಿ ಜೀನ್ಸನ್ನು ಕಾಲು ಗಂಟೆ ನೇತುಹಾಕಿ, ಹೊರತಂದು ಕೊಡವಿ, ಹೊಲಿಗೆಗಳನ್ನು ಎಳೆದು ಗಾಳಿಗೆ ಹಾಕಿದರೆ ಸಣ್ಣಪುಟ್ಟ ಸುಕ್ಕುಗಳು ಹೋಗುತ್ತವೆ. ವಿದ್ಯಾರ್ಥಿನಿಲಯದಲ್ಲಿ ಬೆಳೆದವರಿಗೆ ಇನ್ನೊಂದು ಉಪಾಯ ಗೊತ್ತಿದ್ದೀತು: ತುಸು ತೇವ ಮಾಡಿದ ಷರಾಯಿಯನ್ನು ಎರಡು ಹಳೆಯ ಪಂಚೆಗಳ ನಡುವೆ ಚಪ್ಪಟೆಯಾಗಿಟ್ಟು, ಹಾಸಿಗೆಯ ಕೆಳಗೆ ಸೇರಿಸಿ ಅದರ ಮೇಲೆ ಮಲಗುವುದು. ತಳ ಸಮವಾದ ಹಿತ್ತಾಳೆಯ ಚೊಂಬಿಗೆ ಕುದಿನೀರು ತುಂಬಿ ಒತ್ತುತ್ತಿದ್ದವರೂ ಉಂಟು. ಕೈ ಸುಟ್ಟುಕೊಳ್ಳುವ ಭಯವಿರುವುದರಿಂದ ಈ ಕೊನೆಯದನ್ನು ನಾನು ಮಕ್ಕಳಿಗೆ ಹೇಳುವುದಿಲ್ಲ.

ಭಯದ ಮಾತು ಬಂದುದರಿಂದ ಒಂದೆರಡು ಎಚ್ಚರಿಕೆ. ಇಸ್ತ್ರಿ ಹಾಕುವಾಗ ಕರೆಂಟು ಹೋಯಿತೆಂದರೆ ನಾವು ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟು, ಸ್ವಿಚ್ಚು ಆರಿಸದೆ ಬೇರೆ ಕೆಲಸಕ್ಕೆ ಹೋಗಿಬಿಡುತ್ತೇವೆ. ಮನೆಗೆ ಬೀಗ ಹಾಕಿ ಹೊರಟ ಮೇಲೆ ಕರೆಂಟು ಬಂದರೆ ಗತಿಯೇನು? ಕರೆಂಟು ಹೋದ ಕ್ಷಣವೇ ಪ್ಲಗ್ಗನ್ನು ಕೀಳುವ ಅಭ್ಯಾಸ ಮನೆಯವರೆಲ್ಲರಿಗೂ ಇರಲಿ. ಜೀನ್ಸಿಗೆ ನೀರು ಬೇಕೆಂದೆ. ಒದ್ದೆ ಕೈಯಿಂದ ಸ್ವಿಚ್ಚು ಮುಟ್ಟಬೇಕೆಂದು ಹೇಳಲಿಲ್ಲ. ಮೂರು ಕಡ್ಡಿಯ ಪ್ಲಗ್ಗು, ಸರಿಯಾದ ಭೂಸಂಪರ್ಕ, ಹರಿಯದ ತಂತಿ, ಕಾಲಿಗೆ ರಬ್ಬರಿನ ಚಪ್ಪಲಿ, ಇವಿಷ್ಟೂ ಇರಬೇಕು. ಅಕಸ್ಮಾತ್ ಕೈ ಸುಟ್ಟರೆ ಶಾಯಿ, ತುಪ್ಪ, ಹಲ್ಲುಜ್ಜುವ ಪೇಸ್ಟು ಯಾವುದನ್ನೂ ಬಳಿಯದೆ, ಹರಿಯುವ ತಣ್ಣೀರಿಗೆ ಇಪ್ಪತ್ತು ನಿಮಿಷ ಒಡ್ಡಬೇಕು. ಗಾಯ ದೊಡ್ಡದಾದರೆ ವೈದ್ಯರನ್ನು ಕಾಣಬೇಕು.

ಕೊನೆಯಲ್ಲಿ ನನ್ನ ವೃತ್ತಿಗೆ ಸಂಬಂಧಿಸಿದ ಒಂದು ಮಾತು. ತರಗತಿಯಲ್ಲಿ ಮಕ್ಕಳು ಈ ಪದವನ್ನು ‘ಇಸ್ತ್ರೀ’ ಎಂದು ದೀರ್ಘವಾಗಿ ಬರೆಯುವುದುಂಟು. ಕೇಳಿದರೆ, ಹೆಂಗಸರು ಮಾಡುವ ಕೆಲಸವಾದ್ದರಿಂದ ಅದು ಸ್ತ್ರೀ ಶಬ್ದದಿಂದ ಬಂದಿರಬೇಕೆಂದು ಊಹಿಸುತ್ತಾರೆ. ಊಹೆ ತಪ್ಪು, ಹೆಂಗಸರ ಕೆಲಸವೆಂಬ ಭಾವನೆಯೂ ಅಷ್ಟೇ ತಪ್ಪು. ಚಾವಿ, ಅಲಮಾರು, ತುವಾಲುಗಳಂತೆ ಇದು ಪೋರ್ಚುಗೀಸರಿಂದ ನಮಗೆ ಬಂದ ಮಾತು ಎಂದು ವಿದ್ವಾಂಸರು ಹೇಳುತ್ತಾರೆ. ಅವರ ಭಾಷೆಯ ‘ಎಸ್ತಿರಾರ್’ ಎಂಬ ಧಾತುವಿಗೆ ಎಳೆದು ನೇರಮಾಡು ಎಂದು ಅರ್ಥ. ಸುಡು, ಉಜ್ಜು, ಅದುಮು ಎಂಬ ಅರ್ಥಗಳಾವುವೂ ಅದರಲ್ಲಿಲ್ಲ. ಮೂವತ್ತು ವರ್ಷ ಪದಗಳ ಅರ್ಥ ಹೇಳಿಕೊಟ್ಟವನಿಗೆ ಈ ಪದದ ಅರ್ಥ ಕೈಗೆ ಹತ್ತಲು ಮಗನ ಜೀನ್ಸೊಂದು ಕೆಡಬೇಕಾಯಿತು.

ಕಳೆದ ದೀಪಾವಳಿಗೆ ಮಗ ಇನ್ನೊಂದು ಜೀನ್ಸ್ ಕೊಂಡ. ಒಗೆದು, ತಲೆಕೆಳಗಾಗಿ ನೇತುಹಾಕಿ, ಇನ್ನೂ ಹಸಿಯಿರುವಾಗಲೇ ತಾನೇ ತಂದು ಮೇಜಿನ ಮೇಲಿಟ್ಟು, “ಅಪ್ಪ, ಇದಕ್ಕೆ ಇಸ್ತ್ರಿ ಹಾಕಿಕೊಡ್ತೀರಾ?” ಎಂದು ಕೇಳಿದ. ರೇಡಿಯೋದ ಸದ್ದನ್ನು ತಗ್ಗಿಸಿ, ಚೀಟಿಯ ಚುಕ್ಕೆಗಳನ್ನು ಕನ್ನಡಕ ಹಾಕಿಕೊಂಡು ಎಣಿಸಿ, ಆಮೇಲೆ ಪೆಟ್ಟಿಗೆಯ ಪ್ಲಗ್ಗು ಹಾಕಿದೆ. ಹಳೆಯದನ್ನು ಅವನು ಎಸೆದಿಲ್ಲ. ಬಿಳಿಯ ಗೆರೆಯಿರುವ ಆ ಜೀನ್ಸನ್ನೇ ದಿನವೂ ಕೆಲಸಕ್ಕೆ ಹಾಕಿಕೊಂಡು ಹೋಗುತ್ತಾನೆ.